ಹಗೆ, ಮುಯ್ಯಿ, ವಿಂಡಿಕ್ಟ

ಪ್ರತೀಕಾರವಾಚಕ ಶಬ್ದಗಳೆಲ್ಲವೂ ವೈರದಿಂದಲೇ ಹುಟ್ಟಿದುವೆಂದು ಭಾವಿಸುವುದು ಸರಿಯಲ್ಲ. ಲ್ಯಾಟಿನ್ ಭಾಷೆಯ ‘ವಿಂಡಿಕ್ಟ’ ಶಬ್ದವು ಇದಕ್ಕೆ ನಿದರ್ಶನ. ರೋಮನರ ನ್ಯಾಯಸ್ಥಾನದಲ್ಲಿ ದಾಸನನ್ನು ಬಿಡುಗಡೆ ಮಾಡುವಾಗ ಅವನಿಗೆ ಮುಟ್ಟಿಸುತ್ತಿದ್ದ ಕೋಲಿಗೂ ಇದೇ ಹೆಸರು. ಗಣರಾಜ್ಯದ ಮೊದಲ ವರ್ಷದಲ್ಲಿ, ಎಂದರೆ ಸಂಪ್ರದಾಯದ ಗಣನೆಯಂತೆ ಕ್ರಿ. ಪೂ. 509ರಲ್ಲಿ, ಬಿಡುಗಡೆ ಹೊಂದಿದ ವಿಂಡಿಕಿಯಸ್ ಎಂಬ ದಾಸನಿಂದ ಈ ಹೆಸರು ಬಂದಿತೆಂದು ಕೆಲವರು ನಂಬಿದ್ದುದನ್ನು ಇತಿಹಾಸಕಾರ ಲಿವಿಯು ಹೇಳಿದ್ದಾನೆ. ಆದರೆ ಹಕ್ಕನ್ನು ಸಾಧಿಸುವವನು, ರಕ್ಷಕನು ಎಂಬರ್ಥದ ‘ವಿಂಡೆಕ್ಸ್’ ಶಬ್ದದ ಬಳಗಕ್ಕೇ ಇದು ಸೇರಿದುದು. ಶಬ್ದದಿಂದ ಕಥೆ ಹುಟ್ಟಿತೇ ಹೊರತು ಕಥೆಯಿಂದ ಶಬ್ದವಲ್ಲ.

ಕನ್ನಡದಲ್ಲಿ ವೈರಕ್ಕೂ ಪ್ರತೀಕಾರಕ್ಕೂ ಬೇರೆ ಬೇರೆ ಶಬ್ದಗಳುಂಟು. ಹಳಗನ್ನಡದ ‘ಪಗೆ’ಯು ಪಕಾರವು ಹಕಾರವಾಗಿ ‘ಹಗೆ’ಯಾಯಿತು. ಬೈಂದೂರು, ಕುಂದಾಪುರಗಳ ಕನ್ನಡಸೀಮೆಯಿಂದ ದಕ್ಷಿಣಕ್ಕೆ ಬ್ರಹ್ಮಾವರದ ಕಡೆಗೆ ಬಂದರೆ ಕನ್ನಡ ತುಳುಗಳೆರಡೂ ಕಿವಿಗೆ ಬೀಳುವುವು. ತುಳುವಿನಲ್ಲಿ ‘ಪಗೆ’ಯು ಪಕಾರದೊಡನೆಯೇ ಉಳಿದಿದೆ. ತಮಿಳಿನ ‘ಪಗೈ’ಯೂ ಇದರ ಸೋದರಶಬ್ದ. ಇದು ಮನಸ್ಸಿನಲ್ಲಿ ನೆಲೆಸಿದ ದ್ವೇಷ.

‘ಮುಯ್ಯಿ’ಯ ಸ್ವಭಾವ ಬೇರೆ. ಮದುವೆಯ ಉಡುಗೊರೆಗೆ ಪ್ರತಿಯಾಗಿ ಕೊಡುವುದೂ ಮುಯ್ಯಿ. ಒಬ್ಬರ ಹೊಲದಲ್ಲಿ ದುಡಿದುದಕ್ಕೆ ಬದಲಾಗಿ ಅವರು ಬಂದು ದುಡಿದರೆ ಅದು ಮುಯ್ಯಾಳು. ಅಪಕಾರಕ್ಕೆ ಪ್ರತ್ಯಪಕಾರವೂ ಮುಯ್ಯಿಯೇ. ಇಲ್ಲಿ ಮುಖ್ಯವಾದುದು ದ್ವೇಷವಲ್ಲ, ಋಣದ ಲೆಕ್ಕ.

ಆದುದರಿಂದ ‘ವಿಂಡಿಕ್ಟ’ವನ್ನು ‘ಹಗೆ’ಯೆಂದು ಅನುವಾದಿಸಿದರೆ ಅದರ ನ್ಯಾಯಾಂಶವು ಅಳಿಯುವುದು. ‘ಮುಯ್ಯಿ’ಯೆಂದರೆ ಆ ಅಂಶವು ಉಳಿದೀತು, ಆದರೆ ದಾಸ್ಯವನ್ನು ಬಿಡಿಸಿದ ಕೋಲು ಮರೆಯಾಗುವುದು. ಸಂದರ್ಭವನ್ನರಿತು ಶಬ್ದವನ್ನು ಆರಿಸುವುದೇ ಅನುವಾದಕನಿಗೂ ಅಧ್ಯಾಪಕನಿಗೂ ಉಳಿದ ದಾರಿ.