ಬೀಗದ ಕೈ ಹೇಳುವ ಚರಿತ್ರೆ

ಅಂಗೈಯ ರೇಖೆಗಳನ್ನು ನೋಡಿ ಮನುಷ್ಯನ ಭವಿಷ್ಯವನ್ನು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಉಂಟು. ಅದರ ನಿಜಾನಿಜ ಅವರಿಗೇ ಇರಲಿ. ಬೀಗಕ್ಕೂ ಒಂದು ಕೈ ಉಂಟಷ್ಟೆ? ಆ ಕೈಯನ್ನು ನೋಡಿ ಬೀಗದ ಜಾತಕವನ್ನು ಹೇಳುವ ವಿದ್ಯೆ ಮಾತ್ರ ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ.

ಬೀಗದ ಹೊರಮೈ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ದಪ್ಪನೆಯ ಹಿತ್ತಾಳೆಯ ಕವಚವನ್ನೂ ಅದರ ತೂಕವನ್ನೂ ಕಂಡು ಇದು ಭದ್ರವಾದುದೆಂದು ನಂಬಿ ಮೋಸಹೋಗುವುದು ಸುಲಭ. ಆದುದರಿಂದ ಅಪರಿಚಿತವಾದ ಬೀಗವೊಂದು ತಮ್ಮೆದುರಿಗೆ ಬಂದಾಗ ಅದರ ಕೈಯನ್ನೂ, ಆ ಕೈ ಹೊಗುವ ಕಿಂಡಿಯನ್ನೂ ನೋಡಿರಿ. ಒಳಗಿನ ರಚನೆ ಹೇಗೋ ಕೈಯ ಆಕಾರವೂ ಹಾಗೆಯೇ. ಆ ಆಕಾರಗಳು ಬದಲಾಗುತ್ತ ಬಂದ ಬಗೆಯೇ ಬೀಗದ ಚರಿತ್ರೆ.

ಯೂರೋಪಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಬೀಗದೊಳಗೆ ಕೆಲವು ಲೋಹದ ತಡೆಗಳಿರುತ್ತಿದ್ದುವು, ಅಷ್ಟೆ. ಆ ತಡೆಗಳಿಗೆ ತಗಲದಂತೆ ಕೈಯ ತುದಿಯನ್ನು ಅಲ್ಲಲ್ಲಿ ಕತ್ತರಿಸಿರುತ್ತಿದ್ದರು. ಕಳ್ಳನಾದವನು ಆ ತುದಿಯನ್ನು ಇನ್ನಷ್ಟು ತೆಳ್ಳಗೆ ಅರದಿಂದ ಉಜ್ಜಿಕೊಂಡರೆ ತಡೆಗಳನ್ನೆಲ್ಲ ದಾಟಿ ಒಂದೇ ಕೈಯಿಂದ ಹತ್ತು ಮನೆಗಳನ್ನು ತೆರೆಯಬಹುದಾಗಿತ್ತು. ೧೭೭೮ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಎಂಬಾತನು ಇದಕ್ಕೊಂದು ಪರಿಹಾರವನ್ನು ಕಂಡನು. ಲಿವರ್ ಎಂದು ಕರೆಯುವ ಲೋಹದ ತುಂಡುಗಳನ್ನು ಬೀಗದೊಳಗೆ ಇಟ್ಟು, ಅವನ್ನು ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಅಗುಳಿ ಸರಿಯುವಂತೆ ಮಾಡಿದನು. ಕೂದಲೆಳೆಯಷ್ಟು ಕಡಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು. ಪೇಟೆಯಲ್ಲಿ ಕೊಳ್ಳುವ ಬೀಗಗಳ ಮೈಮೇಲೆ ‘೭ ಲಿವರ್’ ಎಂದು ಅಚ್ಚೊತ್ತಿರುವುದನ್ನು ತಾವು ಕಂಡಿರಬಹುದು. ಆ ಮಾತಿನ ಮೂಲ ಇಲ್ಲಿದೆ. ಇಂಥ ಬೀಗದ ಕೈಗೆ ಉದ್ದನೆಯ ದಂಡ, ಅದರ ತುದಿಯಲ್ಲಿ ಏರುತಗ್ಗಿನ ಮೆಟ್ಟಲುಗಳುಳ್ಳ ಚಿಕ್ಕ ಬಾವುಟ.

೧೭೮೪ರಲ್ಲಿ ಜೋಸೆಫ್ ಬ್ರಾಮಾ ಎಂಬ ಯಂತ್ರಕುಶಲಿಯು ಬೇರೊಂದು ಬಗೆಯ ಬೀಗಕ್ಕೆ ಪೇಟೆಂಟು ಪಡೆದನು. ಅದರ ಕೈ ಒಂದು ಗಿಡ್ಡ ಕೊಳವೆ. ಕೊಳವೆಯ ಬಾಯಿಯ ಸುತ್ತ ಬೇರೆಬೇರೆ ಆಳದ ಗೀರುಗಳು. ಅದನ್ನು ದುಂಡನೆಯ ಕಿಂಡಿಯಲ್ಲಿಟ್ಟು ಒತ್ತಿದಾಗ ಒಳಗಿನ ಜಾರುಪಟ್ಟಿಗಳೆಲ್ಲ ತಮ್ಮ ತಮ್ಮ ಆಳಕ್ಕೆ ಇಳಿದರೆ ಮಾತ್ರ ಬೀಗ ತಿರುಗುವುದು. ಇಂಥ ೧೮ ಪಟ್ಟಿಗಳ ಬೀಗವೊಂದು ಲಂಡನ್ನಿನ ಪಿಕಡಿಲಿ ಬೀದಿಯ ಅವನ ಅಂಗಡಿಯ ಕಿಟಕಿಯಲ್ಲಿ ತೂಗುತ್ತಿತ್ತು. ಅದನ್ನು ತೆರೆಯಬಲ್ಲ ಸಾಧನವನ್ನು ಮಾಡಿದವರಿಗೆ ೨೦೦ ಗಿನಿ ಬಹುಮಾನವೆಂದು ಅದರ ಮೇಲೆ ಬರೆದಿತ್ತು. ೧೮೧೪ರಲ್ಲಿ ಬ್ರಾಮಾ ತೀರಿಕೊಂಡನು. ಬೀಗ ಮಾತ್ರ ಸೋಲಲಿಲ್ಲ.

೧೮೧೭ರಲ್ಲಿ ಪೋರ್ಟ್ಸ್‌ಮತ್ತಿನ ಹಡಗುಕಟ್ಟೆಯಲ್ಲಿ ಕಳ್ಳತನವಾಯಿತು. ಮರುವರ್ಷ ಅದೇ ಊರಿನ ಜೆರಮಯಾ ಚಬ್ ಎಂಬಾತನು ಲಿವರ್ ಬೀಗಕ್ಕೆ ಕಾವಲುಗಾರನೊಬ್ಬನನ್ನು ಕೂಡಿಸಿದನು. ಯಾರಾದರೂ ತಂತಿ ತೂರಿಸಿ ಲಿವರನ್ನು ಅತಿಯಾಗಿ ಎತ್ತಿದರೆ ಅದು ಕೊಂಡಿಗೆ ಸಿಕ್ಕಿಕೊಳ್ಳುವುದು. ಆಮೇಲೆ ಸ್ವಂತ ಕೈಗೂ ಬೀಗ ತೆರೆಯದು. ಯಾರೋ ಪ್ರಯತ್ನಿಸಿದ್ದಾರೆಂದು ಒಡೆಯನಿಗೆ ಒಡನೆ ತಿಳಿಯುವುದು.

ಈ ಎರಡು ಬೀಗಗಳ ಮೇಲೆ ಭಾರ ಹಾಕಿ ಇಂಗ್ಲೆಂಡಿನ ಧನಿಕರು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದಾಗ, ೧೮೫೧ರ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಅಮೆರಿಕೆಯ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಬಂದನು. ಸಾಕ್ಷಿಗಳೆದುರಿಗೆ ಅವನು ಚಬ್ಬನ ಬೀಗವನ್ನು ಸುಮಾರು ೨೫ ನಿಮಿಷಗಳಲ್ಲಿ ತೆರೆದು, ಮತ್ತೆ ೭ ನಿಮಿಷಗಳಲ್ಲಿ ಹಾಕಿಯೂ ತೋರಿಸಿದನು. ಸೋಜಿಗವೇನೆಂದರೆ, ಯಾವ ಲಿವರು ಅತಿಯಾಗಿ ಎದ್ದಿದೆಯೆಂಬ ಸುಳಿವನ್ನು ಅವನಿಗೆ ಕೊಟ್ಟುದು ಆ ಕಾವಲಿನ ಕೊಂಡಿಯೇ! ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಬ್ರಾಮಾನ ಬೀಗಕ್ಕೆ ಮಾತ್ರ ೧೬ ದಿನಗಳಲ್ಲಿ ಹಂಚಿದ ೫೧ ಗಂಟೆಗಳು ಹಿಡಿದುವು. ೨೦೦ ಗಿನಿಗಳೂ ಅವನಿಗೆ ಸಂದುವು.

ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಬೀಗದ ದೋಷವನ್ನು ಹೀಗೆ ಬಯಲಿಗೆಳೆದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಾಗದೆ ಎಂದು ಕೆಲವರು ಕೇಳಿದರು. ಹಾಬ್ಸನ ಉತ್ತರ ನೇರವಾಗಿತ್ತು. ಕಳ್ಳರು ತಮ್ಮ ಕಸಬನ್ನು ನಮಗಿಂತ ಚೆನ್ನಾಗಿ ಬಲ್ಲರು. ತಿಳಿಯದೆ ಉಳಿದಿರುವವನು ಮನೆಯೊಡೆಯ ಮಾತ್ರ. ಅವನಿಗೆ ಹೇಳದಿರುವುದೇ ಅಪಾಯ. ವಾಚಕರೇ, ಈ ಮಾತನ್ನು ತಾವು ತೂಗಿ ನೋಡಬೇಕು. ಯಂತ್ರವನ್ನು ಮರೆಮಾಡಿದುದರಿಂದಲೇ ಉಳಿದಿರುವ ಭದ್ರತೆ, ಬಲ್ಲವನೊಬ್ಬನು ಬರುವವರೆಗಿನ ಮಾತು. ರಚನೆ ಎಲ್ಲರಿಗೂ ತಿಳಿದಿದ್ದು, ಆದರೂ ಕೈಯಿಲ್ಲದವನಿಗೆ ತೆರೆಯದಿರುವುದೇ ಒಳ್ಳೆಯ ಬೀಗ.

ಹಾಬ್ಸನು ಎಬ್ಬಿಸಿದ ಶಂಕೆಯಿಂದ ನಷ್ಟವಾಗಲಿಲ್ಲ, ಹೊಸ ಬೀಗಗಳು ಹುಟ್ಟಿದುವು. ಪ್ರಾಚೀನ ಈಜಿಪ್ಟಿನವರ ಮರದ ಬೀಗದಲ್ಲಿ ಗೂಟಗಳನ್ನು ಮೇಲಕ್ಕೆತ್ತುವ ತತ್ತ್ವವಿತ್ತು. ಅಮೆರಿಕೆಯ ಲೈನಸ್ ಯೇಲ್ ಅದನ್ನೇ ಲೋಹದ ಸಣ್ಣ ಮೊಳೆಗಳಿಗೂ ಸ್ಪ್ರಿಂಗುಗಳಿಗೂ ಅಳವಡಿಸಿ ೧೮೬೧ ಮತ್ತು ೧೮೬೫ರಲ್ಲಿ ಪೇಟೆಂಟುಗಳನ್ನು ಪಡೆದನು. ಗರಗಸದ ಹಲ್ಲಿನಂತಿರುವ, ಜೇಬಿನಲ್ಲಿ ಹಗುರವಾಗಿ ಕೂರುವ ಚಪ್ಪಟೆ ಕೈ ಈ ಕುಲದ್ದು. ೧೯೦೭ರಲ್ಲಿ ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ ಸ್ಪ್ರಿಂಗುಗಳನ್ನೇ ಬಿಟ್ಟು, ತಿರುಗುವ ಬಿಲ್ಲೆಗಳ ಬೀಗವನ್ನು ಕಲ್ಪಿಸಿದನು. ಮುಂದೆ ‘ಅಬ್ಲಾಯ್’ ಎಂದು ಹೆಸರಾದ ಆ ಬೀಗದ ಹಳೆಯ ಕೈ, ಉದ್ದುದ್ದ ಸೀಳಿದ ಕಡ್ಡಿಯಂತೆ ಅರ್ಧ ದುಂಡು. ಅದರ ಮೇಲೆ ಓರೆಯಾದ ಕಡಿತಗಳು. ನಮ್ಮ ದೇಶದಲ್ಲಿಯೂ ೧೮೯೭ರಲ್ಲಿ ಅರ್ದೇಶಿರ್ ಗೋದ್ರೆಜರು ಮುಂಬಯಿಯಲ್ಲಿ ಬೀಗ ಮಾಡತೊಡಗಿದರು.

ಇನ್ನು ಮುಂದೆ ಬೀಗ ಕೊಳ್ಳುವಾಗ ಕವಚದ ಹೊಳಪನ್ನು ಬಿಟ್ಟು ಕೈಯನ್ನು ಕೇಳಿ ಪಡೆದು ನೋಡಿರಿ. ಬಾವುಟವಿದ್ದರೆ, ಮೆಟ್ಟಲುಗಳೆಷ್ಟು? ಚಪ್ಪಟೆಯಾದರೆ, ಹಲ್ಲುಗಳ ಏರಿಳಿತ ಹೇಗಿದೆ? ಎರಡು ಮೂರು ಸಮನಾದ ಕಡಿತಗಳಷ್ಟೇ ಇದ್ದರೆ, ಅದು ಹೆಸರಿಗೆ ಬೀಗ. ಕೊಂಡ ಮೇಲೆ ಆ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಡಿರಿ. ಬೀಗದ ಗುಟ್ಟೆಲ್ಲ ಇರುವುದು ಅದರಲ್ಲಿಯೇ.