ಹದಿಮೂರು ಅಕ್ಷರದ ರಾಮಜಪ

‘ಶ್ರೀರಾಮ ಜಯರಾಮ ಜಯಜಯರಾಮ’ ಮಂತ್ರದಲ್ಲಿ ಮೊದಲ ಪದಕ್ಕೆ 3, ಎರಡನೆಯದಕ್ಕೆ 4, ಮೂರನೆಯದಕ್ಕೆ 6, ಒಟ್ಟು 13 ಅಕ್ಷರ. ಅದಕ್ಕೇ ಇದು ತ್ರಯೋದಶಾಕ್ಷರಿ. ಇದನ್ನು ಮಹಾರಾಷ್ಟ್ರದಲ್ಲಿ ಮನೆಮನೆಗೆ ಮುಟ್ಟಿಸಿದವರು ಸಮರ್ಥ ರಾಮದಾಸರು (1608–1681). ಬಾಲ್ಯದಲ್ಲೇ ಮದುವೆ ಮಂಟಪದಿಂದ ಹೊರಟುಹೋದ ಅವರು ನಾಸಿಕದ ಬಳಿಯ ಟಾಕಳಿಯಲ್ಲಿ 12 ವರ್ಷ ನೆಲೆಸಿ, ನಿತ್ಯ ನಸುಕಿನಿಂದ ನಡುಹಗಲಿನವರೆಗೆ ನದಿಯ ನೀರಿನಲ್ಲಿ ನಿಂತು 13 ಕೋಟಿ ಜಪ ಪೂರೈಸಿದರೆಂದು ಸಂಪ್ರದಾಯ ನಂಬುತ್ತದೆ.

ಈ ಸಂಖ್ಯೆಯ ಹಿಂದೆ ಪುರಶ್ಚರಣೆಯ, ಅಂದರೆ ಮಂತ್ರಸಿದ್ಧಿಗಾಗಿ ಮಾಡುವ ವಿಧಿಯ, ಲೆಕ್ಕವಿದೆ. ಮಂತ್ರಶಾಸ್ತ್ರದ ರೂಢಿಯಲ್ಲಿ ಅಕ್ಷರಕ್ಕೊಂದು ಲಕ್ಷ ಜಪವಾಗಬೇಕು. ಆಮೇಲೆ ಅದರ ಹತ್ತನೆಯ ಒಂದು ಪಾಲು ಹೋಮ, ಹೋಮದ ಹತ್ತನೆಯ ಒಂದು ಪಾಲು ತರ್ಪಣ. ಸಮರ್ಥರದು ಅಕ್ಷರಕ್ಕೊಂದು ಕೋಟಿ. ಹಂಚಿ ನೋಡಿದರೆ ದಿನಕ್ಕೆ ಸುಮಾರು 30 ಸಾವಿರ, ಅಂದರೆ 108 ಮಣಿಯ ಸರದಲ್ಲಿ 275 ಸುತ್ತು. ಬದುಕನ್ನೇ ಜಪಕ್ಕೆ ಕೊಟ್ಟವರಿಗಷ್ಟೇ ಎಟಕುವ ಲೆಕ್ಕ ಇದು.

ಎಣಿಕೆಗೆ ಆಸರೆ ತುಳಸಿಯ ಜಪಸರ. ನಡುಬೆರಳಿನ ಮೇಲೆ ಸರವಿಟ್ಟು ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ಒಳಕ್ಕೆ ಎಳೆಯುತ್ತಾರೆ, ತೋರುಬೆರಳು ತಾಗಿಸುವುದಿಲ್ಲ. ಸರದ ತುದಿಯ ಮೇರುಮಣಿ ಬಂದಾಗ ಅದನ್ನು ದಾಟದೆ ಸರ ತಿರುಗಿಸಿ ಬಂದ ದಾರಿಯಲ್ಲೇ ಮರಳುತ್ತಾರೆ. ಗಟ್ಟಿಯಾಗಿ ಹೇಳುವ ಜಪಕ್ಕಿಂತ ತುಟಿಯಷ್ಟೇ ಅಲುಗುವ ಉಪಾಂಶು ಮೇಲು, ಅದಕ್ಕಿಂತ ಮನಸ್ಸಿನಲ್ಲೇ ನಡೆಯುವ ಮಾನಸ ಮೇಲು ಎನ್ನುತ್ತದೆ ಮನುಸ್ಮೃತಿ.

ಈ ಕಟ್ಟುಪಾಡನ್ನು ಸಡಿಲಿಸಿದ್ದು ಸಾತಾರಾ ಜಿಲ್ಲೆಯ ಗೋಂದಾವಲೆಯ ಬ್ರಹ್ಮಚೈತನ್ಯ ಮಹಾರಾಜರು (1845–1913). ಜಾತಿ, ಹೆಣ್ಣು-ಗಂಡು ಎನ್ನದೆ ಕೇಳಿದವರಿಗೆಲ್ಲ ಇದೇ ಮಂತ್ರ ಕೊಟ್ಟರು. ಒಲೆಯ ಮುಂದೆ, ಹೊಲದ ಬದುವಿನಲ್ಲಿ, ಎಲ್ಲಿ ಬೇಕಾದರೂ ನಾಮ ಹೇಳಬಹುದು, ಸಂಸಾರ ಬಿಡಬೇಕಿಲ್ಲ ಎಂಬುದು ಅವರ ಬೋಧೆ. ತ್ರಯೋದಶಾಕ್ಷರಿಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ. ಅವರ ಶಿಷ್ಯ ಬ್ರಹ್ಮಾನಂದ ಮಹಾರಾಜರು ಗದಗ ಸಮೀಪದ ಬೆಳಧಡಿಯಲ್ಲಿ ರಾಮಮಂದಿರ ಕಟ್ಟಿಸಿದರು; ಉತ್ತರ ಕರ್ನಾಟಕದಲ್ಲಿ ಜಪ ಬೇರೂರಿದ್ದು ಅವರಿಂದ.

ಕರಾವಳಿಗೆ ಮಂತ್ರ ಬಂದ ದಾರಿ ಬೇರೆ. ಹೊಸದುರ್ಗದಲ್ಲಿ, ಅಂದರೆ ಇಂದಿನ ಕಾಞಂಗಾಡಿನಲ್ಲಿ, 1884ರಲ್ಲಿ ಹುಟ್ಟಿದ ವಿಠಲರಾಯರು ಮಂಗಳೂರಿನಲ್ಲಿ ವ್ಯಾಪಾರ ಕೈಕೊಟ್ಟು ಕಂಗಾಲಾಗಿದ್ದಾಗ ತಂದೆಯೇ ಅವರಿಗೆ ಈ ಮಂತ್ರ ಉಪದೇಶಿಸಿದರು. 1922ರ ಡಿಸೆಂಬರಿನಲ್ಲಿ ಮನೆ ಬಿಟ್ಟ ಅವರು ಸ್ವಾಮಿ ರಾಮದಾಸರಾದರು. ಅಲೆದಾಟ ಮುಗಿಸಿ ಬಂದು ಮಂಗಳೂರಿನ ಕದ್ರಿ ಗುಡ್ಡದ ಗುಹೆಯಲ್ಲಿ ಕೆಲಕಾಲ ಇದ್ದರು. ಮಂತ್ರದ ಮುಂದೆ ಅವರು ‘ಓಂ’ ಸೇರಿಸಿಕೊಂಡಿದ್ದರು. 1931ರಲ್ಲಿ ಕಾಞಂಗಾಡಿನಲ್ಲಿ ಆನಂದಾಶ್ರಮ ಕಟ್ಟಿದರು. ಅಲ್ಲಿನ ಭಜನೆಯ ಹಾಲ್‌ನಲ್ಲಿ ಹಗಲಿಡೀ ಹೆಂಗಸರೂ ಗಂಡಸರೂ ಸರದಿಯಲ್ಲಿ ಕುಳಿತು ಮಂತ್ರವನ್ನು ಹಾಡುತ್ತಾರೆ: ಒಂದು ಗುಂಪು ಹೇಳಿದ್ದನ್ನು ಮತ್ತೊಂದು ಗುಂಪು ಮರುನುಡಿಯುತ್ತದೆ.