ತೆಂಗಿನ ಬಿಳಿನೊಣ ಮತ್ತು ಎನ್‌ಕಾರ್ಸಿಯ ಕಣಜ

ಎನ್‌ಕಾರ್ಸಿಯ ಗ್ವಾಡೆಲೂಪೆ ಎಂಬುದು ತೆಂಗಿನ ಸುರುಳಿ ಬಿಳಿನೊಣದ ಮರಿಗಳೊಳಗೆ ಬೆಳೆದು ಅವನ್ನು ಕೊಲ್ಲುವ ಪರತಂತ್ರ ಕಣಜ. ಗಾತ್ರ ಒಂದು ಮಿಲಿಮೀಟರಿಗೂ ಕಡಿಮೆ, ಮನುಷ್ಯರನ್ನು ಕುಟುಕದು. ಕನ್ನಡದಲ್ಲಿ ಇದಕ್ಕೆ ಬಳಕೆಯ ಹೆಸರೇ ಇಲ್ಲ. ಕಾಸರಗೋಡು ಸೀಮೆಯ ತೆಂಗು ಕೃಷಿಕರಾದ ನಾವು ಇದನ್ನು ಗುರುತಿಸದೆ ಕೊಲ್ಲುವುದಕ್ಕೆ ಅದೂ ಒಂದು ಕಾರಣವಿರಬಹುದು.

ಮಧ್ಯ ಅಮೆರಿಕ ಮೂಲದ ಈ ಬಿಳಿನೊಣವು ಭಾರತದಲ್ಲಿ ಮೊದಲು ವರದಿಯಾದುದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಬಳಿಕ ಕೇರಳದ ತೋಟಗಳಿಗೂ ಹಬ್ಬಿತು. ಗರಿಯ ಅಡಿಯಲ್ಲಿ ಮೇಣದ ಪುಡಿಯಿಂದ ಸುರುಳಿ ಬರೆದಂತೆ ಮೊಟ್ಟೆಯಿಡುತ್ತದೆ. ರಸ ಹೀರಿ ಅದು ಸ್ರವಿಸುವ ಸಿಹಿ ಅಂಟು ಕೆಳಗಿನ ಮಡಲುಗಳಿಗೂ ಅಡಿಯ ಬಾಳೆಗೂ ತೊಟ್ಟಿಕ್ಕಿ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಮಸಿ ಬಳಿದಂತಾದ ಮರವನ್ನು ಕಂಡವರು ಕೀಟನಾಶಕಕ್ಕೆ ಕೈಹಾಕುವುದು ಸಹಜ. ಆದರೆ ವಿಷವು ಕಣಜವನ್ನೂ ಕೊಲ್ಲುತ್ತದೆ. ಶತ್ರುವಿಲ್ಲದ ಬಿಳಿನೊಣ ಮತ್ತೆ ಹೆಚ್ಚುತ್ತದೆ.

ಕಣಜ ನಮ್ಮಲ್ಲಿಗೆ ಹೊಸತಲ್ಲ. 1993ರಲ್ಲಿ ಕೇರಳದಲ್ಲಿ ಕಂಡುಬಂದ, ಪೇರಳೆ ಮತ್ತು ಮರಗೆಣಸನ್ನು ಕಾಡುವ ಇನ್ನೊಂದು ಸುರುಳಿ ಬಿಳಿನೊಣದ ಮೇಲೂ ಇದು ಬದುಕುತ್ತಿತ್ತು. ಹೆಣ್ಣು ಕಣಜ ಗರಿಯಡಿ ಅಂಟಿಕೊಂಡ ಮರಿಯಲ್ಲಿ ಮೊಟ್ಟೆಯಿಡುತ್ತದೆ. ಹುಟ್ಟಿದ ಹುಳು ಮರಿಯನ್ನು ಒಳಗಿನಿಂದ ತಿಂದು, ಬೆಳೆದ ಮೇಲೆ ದುಂಡನೆಯ ತೂತು ಕೊರೆದು ಹೊರಬರುತ್ತದೆ. ಕಣಜ ಹೊಕ್ಕ ಮರಿ ಕಪ್ಪಾಗುವುದರಿಂದ ಗುರುತಿಸುವುದು ಸುಲಭ. ಗರಿಯ ಮೇಲ್ಮೈಯ ಮಸಿಯೊಂದಿಗೆ ಇದನ್ನು ಬೆರೆಸಿಕೊಳ್ಳಬಾರದು: ಗರಿಯನ್ನು ಮಗುಚಿ ನೋಡಿದಾಗ ಬಿಳಿ ಮರಿಗಳ ನಡುವೆ ಕಪ್ಪು ಚುಕ್ಕೆಗಳಿದ್ದರೆ ಕಣಜ ತೋಟಕ್ಕೆ ಬಂದಿದೆಯೆಂದೇ ಅರ್ಥ.

ಕಾಸರಗೋಡಿನ ಸಿಪಿಸಿಆರ್‌ಐ ಸಂಸ್ಥೆಯೂ ಕೀಟನಾಶಕ ಬೇಡವೆನ್ನುತ್ತದೆ. ಕಪ್ಪು ಮರಿಗಳಿರುವ ಗರಿಯ ತುಂಡುಗಳನ್ನು ಕತ್ತರಿಸಿ, ಕಣಜವಿಲ್ಲದ ಮರಕ್ಕೆ ಸಿಕ್ಕಿಸಬಹುದು. ಕಣಜ ನೆಲೆಯಾಗಲು ವಾರಗಳೇ ಬೇಕು. ಕಾಯುವುದೇ ಇಲ್ಲಿ ಕಷ್ಟದ ಕೆಲಸ. ಬೂಷ್ಟಿಗೆ ಲೀಟರಿಗೆ 10 ಗ್ರಾಂ ಪಿಷ್ಟ ಕಲಸಿದ ಗಂಜಿನೀರು ಸಿಂಪಡಿಸಿದರೆ, ಒಣಗಿದಾಗ ಮಸಿ ಹಕ್ಕಳೆಯಂತೆ ಉದುರುತ್ತದೆ. ಬಾಧೆ ತೀವ್ರವಿದ್ದರೆ ಶೇ. 0.5ರ ಬೇವಿನೆಣ್ಣೆ.

ಹಸಿರು ಜಾಲರೆಕ್ಕೆ ಕೀಟದ ಮರಿಗಳು ಮತ್ತು ಗುಲಗಂಜಿ ಹುಳುಗಳು ಬಿಳಿನೊಣವನ್ನು ನೇರವಾಗಿ ತಿನ್ನುತ್ತವೆ. ಲಿಯೋಕ್ರಿನಸ್ ನೀಲಗಿರಿಯಾನಸ್ ಎಂಬ ಪುಟ್ಟ ದುಂಬಿಯದು ಬೇರೆಯೇ ಬಗೆ: ಅದು ನೊಣದ ತಂಟೆಗೆ ಹೋಗದೆ, ಗರಿಯ ಮೇಲಿನ ಬೂಷ್ಟನ್ನು ಮೇಯುತ್ತದೆ. ಗರಿಯ ಮೇಲೆ ಅದು ಕಂಡಾಗ ಹೊಸ ಪೀಡೆಯೆಂದು ಹೊಸಕಿಹಾಕಬಾರದು.